ಡಬ್ಬಿ ತುಂಬಾ ಕೂಲಂಟ್ ಇದೆ, ಆದರೂ ಏರು ಹತ್ತುವಾಗ ಇಂಜಿನ್ ಕಾಯುತ್ತದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಇದೇ ಚಿಂತೆ ಆಗಿದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ನನ್ನದು 11 ವರ್ಷದ ಪೆಟ್ರೋಲ್ ಕಾರು. 1.2 ಲೀಟರ್, ನಾಲ್ಕು ಸಿಲಿಂಡರ್, 1,18,000 ಕಿ.ಮೀ. ಓಡಿದೆ. ಸಮತಟ್ಟು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ನಿಂತರೂ ಫ್ಯಾನ್ ಸರಿಯಾಗಿ ಶುರುವಾಗುತ್ತದೆ, ಇಂಜಿನ್ ಬಿಸಿ ತೋರಿಸುವ ಮುಳ್ಳು ನಡುವೆಯೇ ಇರುತ್ತದೆ. ಆದರೆ ಉದ್ದದ ಏರು ಸಿಕ್ಕರೆ ಸಾಕು, ಆರೇಳು ಕಿ.ಮೀ. ಹತ್ತುವಷ್ಟರಲ್ಲಿ ಮುಳ್ಳು ಮೇಲೇಳುತ್ತದೆ.

ಮೊದಲ ಸಲ ಆದದ್ದು ಹೀಗೆ. ಕಾರಲ್ಲಿ ನಾಲ್ಕು ಜನ, ಡಿಕ್ಕಿ ತುಂಬಾ ಸಾಮಾನು, ಎಸಿ ಆನ್. ಎರಡನೇ ಗೇರಿನಲ್ಲಿ ಹತ್ತುತ್ತಿದ್ದೆ. ಮುಳ್ಳು ಮುಕ್ಕಾಲಿಗೆ ಬಂತು, ನೋಡನೋಡುತ್ತಲೇ ಕೆಂಪು ಗೆರೆಯ ಹತ್ತಿರ ಹೋಯಿತು. ಎಸಿ ಆರಿಸಿದೆ. ಹೀಟರ್ ಪೂರ್ತಿ ಹಾಕಿದರೆ ಇಂಜಿನ್ ಬಿಸಿ ಸ್ವಲ್ಪ ಇಳಿಯುತ್ತದೆ ಅಂತ ಕೇಳಿದ್ದೆ, ಅದನ್ನೂ ಹಾಕಿದೆ. ಬಿಸಿ ಗಾಳಿ ಬರಲೇ ಇಲ್ಲ! ಇಂಜಿನ್ ಅಷ್ಟು ಕಾದಿದ್ದರೂ ಹೀಟರಿನಿಂದ ತಣ್ಣನೆ ಗಾಳಿ. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಅಂತ ಸದ್ದು ಬೇರೆ. ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ. ಬಾನೆಟ್ ಎತ್ತಿ ನೋಡಿದರೆ ಪಕ್ಕದ ಓವರ್‌ಫ್ಲೋ ಡಬ್ಬಿಯಲ್ಲಿ ಕೂಲಂಟ್ (ಇಂಜಿನ್ ತಂಪು ಮಾಡುವ ದ್ರವ) ಮ್ಯಾಕ್ಸ್ ಗೆರೆಗಿಂತ ಎರಡು ಬೆರಳು ಮೇಲಿತ್ತು. ಕೆಳಗೆ ಒಂದು ಹನಿಯೂ ಸೋರಿರಲಿಲ್ಲ. ಕೂಲಂಟ್ ಇಷ್ಟೊಂದು ಇದ್ದರೂ ಯಾಕೆ ಕಾಯಿತು ಅಂತ ಅರ್ಥವೇ ಆಗಲಿಲ್ಲ. ಮುಚ್ಚಳ ಮುಟ್ಟಲಿಲ್ಲ. ಒಂದೂವರೆ ಗಂಟೆ ಕಾದು, ಎಸಿ ಇಲ್ಲದೆ ನಿಧಾನಕ್ಕೆ ವಾಪಸ್ ಇಳಿದು ಬಂದೆ.

ಆಮೇಲೆ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದಾಗ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಬಾಗಿಲು) ಹೊಸದು ಹಾಕಿಸಿದೆ. ರೇಡಿಯೇಟರ್ ಕ್ಯಾಪ್ ಕೂಡ ಹೊಸದು, ಹಳೆಯದರ ಮೇಲಿದ್ದಂತೆ 1.1 ಅಂತಲೇ ಬರೆದಿರುವುದು. ಕೂಲಂಟ್ ಪೂರ್ತಿ ಬದಲಾಯಿಸಿದರು. ಎರಡು ದಿನ ಚೆನ್ನಾಗಿತ್ತು, ಅದೇ ಏರನ್ನೂ ಹತ್ತಿ ಬಂದೆ. ನಾಲ್ಕನೇ ದಿನ ಮತ್ತೆ ಹಳೆಯ ಕಥೆ. ಈ ಸಲ ಇಂಜಿನ್ ಬಿಸಿಯನ್ನು ಅಂಕಿಯಲ್ಲಿ ತೋರಿಸುವ ಒಂದು ಸಣ್ಣ ಸ್ಕ್ಯಾನರ್ ಚುಚ್ಚಿ ನೋಡುತ್ತಿದ್ದೆ. 98, 103, 109, ಕೊನೆಗೆ 114 ಡಿಗ್ರಿ. ಮುಳ್ಳು 109ರವರೆಗೂ ನಡುವಿನಿಂದ ಕದಲಲೇ ಇಲ್ಲ. ಅದನ್ನು ಕಂಡು ಇನ್ನೂ ಭಯ ಆಯಿತು.

ಈಗ ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ತಲೆಭಾಗ ಮತ್ತು ಬ್ಲಾಕ್ ನಡುವಿನ ಸೀಲು) ಹೋಗಿದೆ, ಇಂಜಿನ್ ಹೆಡ್ ಬಿಚ್ಚಬೇಕು ಅನ್ನುತ್ತಿದ್ದಾರೆ. ಪರೀಕ್ಷೆ ಏನೂ ಮಾಡಿಲ್ಲ, ಅನುಭವದಿಂದ ಹೇಳುತ್ತಿದ್ದಾರೆ. ಅಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕುವ ಮೊದಲು ನಾನೇ ಏನಾದರೂ ನೋಡಬಹುದಾ?

ಉತ್ತರ 1

ನನ್ನ ಕಾರಿನಲ್ಲೂ ಹೀಗೇ ಶುರುವಾಗಿತ್ತು, ಕೊನೆಗೆ ಹೆಡ್ ಗ್ಯಾಸ್ಕೆಟ್ ಅಂತಲೇ ಆಯಿತು. ಸಿಲಿಂಡರಿನ ಹೊಗೆ ಕೂಲಂಟ್ ದಾರಿಗೆ ನುಗ್ಗಿ ಕೂಲಂಟನ್ನು ಡಬ್ಬಿಗೆ ತಳ್ಳುತ್ತದೆ. ಡಬ್ಬಿ ತುಂಬಿರುವುದಕ್ಕೆ ಅದೇ ಕಾರಣ ಇರಬಹುದು. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಥರ ಬಿಳಿ ಜಿಡ್ಡು ಇದೆಯಾ ನೋಡಿ. ಸೈಲೆನ್ಸರಿನಲ್ಲಿ ಬಿಳಿ ಹೊಗೆ, ಸಿಹಿ ವಾಸನೆ ಇದೆಯಾ? ಇದ್ದರೆ ಓಡಿಸಲೇಬೇಡಿ. ಕಾದ ಇಂಜಿನ್ ಓಡಿಸಿ ನಾನು ಹೆಡ್ ಬಾಗಿಸಿಕೊಂಡೆ, ಆ ತಪ್ಪು ನೀವು ಮಾಡಬೇಡಿ.

ಉತ್ತರ 2

ಹೆಡ್ ಬಿಚ್ಚಬೇಡಿ. ಈಗಲೇ ಬೇಡ.

ನಾನು 22 ವರ್ಷದಿಂದ ಇದೇ ಕೆಲಸದಲ್ಲಿ ಇದ್ದೇನೆ. ಇಂಜಿನ್ ಕಾಯುತ್ತದೆ ಅಂತ ಬಂದವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವಾಗ ಕಾಯುತ್ತದೆ? ನಿಂತಾಗ ಕಾಯ್ದು, ಓಡುವಾಗ ತಣ್ಣಗಾದರೆ ಗಾಳಿ ಸಾಲುತ್ತಿಲ್ಲ. ಫ್ಯಾನ್ ಕಡೆ ನೋಡಬೇಕು. ನಿಂತಾಗ ಸರಿ ಇದ್ದು, ಭಾರ ಬಿದ್ದಾಗ ಮಾತ್ರ ಕಾಯ್ದರೆ ಕೂಲಂಟ್ ಸಾಲುತ್ತಿಲ್ಲ, ಇಲ್ಲವೇ ಸರಿಯಾಗಿ ಹರಿಯುತ್ತಿಲ್ಲ. ಸ್ಟಾರ್ಟ್ ಮಾಡಿದ ಐದೇ ನಿಮಿಷಕ್ಕೆ ಕಾಯ್ದರೆ ಥರ್ಮೋಸ್ಟಾಟ್ ತೆರೆಯುತ್ತಿಲ್ಲ ಅಥವಾ ಪಂಪ್ ತಳ್ಳುತ್ತಿಲ್ಲ. ನೂರಕ್ಕೆ ನೂರು ಹೀಗೇ ಅಂತಲ್ಲ. ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಗೊತ್ತಾಗುತ್ತದೆ. ಇದನ್ನು ಕೇಳದೆ ಒಂದೊಂದೇ ಪಾರ್ಟ್ ಬದಲಾಯಿಸುತ್ತಾ ಹೋದರೆ ಕಾರಿನವರ ಜೇಬು ಖಾಲಿಯಾಗುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ. ಇದನ್ನು ನೋಡಿ ನೋಡಿ ನನಗೆ ನಿಜಕ್ಕೂ ಬೇಜಾರಾಗಿದೆ.

ನೀವು ಬರೆದದ್ದರಲ್ಲಿ ಮೂರು ವಿಷಯ ನನ್ನ ಕಣ್ಣಿಗೆ ಬಿದ್ದವು. ಇಂಜಿನ್ ಕುದಿಯುವಷ್ಟು ಕಾದರೂ ಹೀಟರ್ ತಣ್ಣಗಿತ್ತು. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು. ಕೂಲಂಟ್ ಹೊಸದಾಗಿ ತುಂಬಿದ ಮೇಲೆ ಎರಡು ದಿನ ಚೆನ್ನಾಗಿತ್ತು. ಈ ಮೂರೂ ಸೇರಿ ಹೇಳುವುದು ಇಷ್ಟೇ. ನಿಮ್ಮ ಕೂಲಂಟ್ ದಾರಿಯೊಳಗೆ ಗಾಳಿ ಸೇರಿದೆ. ಹೀಟರಿನ ಪುಟ್ಟ ರೇಡಿಯೇಟರ್ ಹಲವು ಕಾರುಗಳಲ್ಲಿ ಎತ್ತರದಲ್ಲಿ ಇರುತ್ತದೆ, ಗಾಳಿ ಬೇಗ ಅಲ್ಲಿ ಸೇರಿಕೊಳ್ಳುತ್ತದೆ. ಬಿಸಿ ಕೂಲಂಟ್ ಅಲ್ಲಿಗೆ ತಲುಪದಿದ್ದರೆ ಬಿಸಿ ಗಾಳಿ ಎಲ್ಲಿಂದ ಬರಬೇಕು?

ಡಬ್ಬಿ ನೋಡಿ ನೀವು ಮೋಸ ಹೋಗಿದ್ದೀರಿ. ನಿಮ್ಮ ಕಾರಿನಲ್ಲಿ ಕ್ಯಾಪ್ ರೇಡಿಯೇಟರ್ ಮೇಲೇ ಇದೆ, ಅಲ್ವಾ? ಹಾಗಿದ್ದರೆ ಆ ಡಬ್ಬಿ ಬರೀ ಉಗ್ರಾಣ. ಅದು ತುಂಬಿದೆ ಅಂದರೆ ರೇಡಿಯೇಟರ್ ತುಂಬಿದೆ ಅಂತ ಅರ್ಥ ಅಲ್ಲ.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಹಿಂದಿನ ದಿನ ಕಾರು ಚೆನ್ನಾಗಿ ಓಡಿ ಬಿಸಿಯಾಗಿರಬೇಕು, ರಾತ್ರಿಯಿಡೀ ನಿಂತಿರಬೇಕು. ಸ್ಟಾರ್ಟ್ ಮಾಡಬೇಡಿ. ಬಾನೆಟ್ ಎತ್ತಿ, ಇಂಜಿನ್ನಿಂದ ರೇಡಿಯೇಟರಿನ ತಲೆಗೆ ಬರುವ ದಪ್ಪ ಹೋಸ್ ಇದೆಯಲ್ಲ, ಅದನ್ನು ಬರೀ ಕಣ್ಣಲ್ಲಿ ನೋಡಿ. ಮುಟ್ಟಬೇಡಿ. ದುಂಡಗಿದೆಯಾ, ಚಪ್ಪಟೆ ಆಗಿದೆಯಾ ಹೇಳಿ. ಆಮೇಲೆ ಕ್ಯಾಪ್ ತೆಗೆದು ಒಳಗೆ ಕೂಲಂಟ್ ಎಲ್ಲಿದೆ ನೋಡಿ. ಪೂರ್ತಿ ತಣ್ಣಗಿದ್ದಾಗ ಮಾತ್ರ ತೆಗೆಯಬೇಕು, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಬಿಸಿ ಇರುವಾಗ ಒಳಗಿನ ಕೂಲಂಟ್ 100 ಡಿಗ್ರಿ ದಾಟಿದ್ದರೂ ಒತ್ತಡ ಇರುವುದರಿಂದ ಕುದಿಯದೆ ಕೂತಿರುತ್ತದೆ. ಕ್ಯಾಪ್ ತೆಗೆದ ಕೂಡಲೇ ಒತ್ತಡ ಹೋಗಿ, ಎಲ್ಲಾ ಒಮ್ಮೆಲೇ ಕುದ್ದು ಮುಖಕ್ಕೆ ಎರಚುತ್ತದೆ. ಜೊತೆಗೆ ಕೆಲಸ ಮಾಡಿದ ಹುಡುಗನ ಕೈ ಸುಟ್ಟಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ಮೊಣಕೈವರೆಗೂ ಚರ್ಮ ಎದ್ದಿತ್ತು.

ಉತ್ತರ 1ರವರು ಹೇಳಿದ್ದೂ ತಳ್ಳಿಹಾಕುವ ಮಾತಲ್ಲ. ಗ್ಯಾಸ್ಕೆಟ್ ಹೋದರೂ ಡಬ್ಬಿ ತುಂಬುತ್ತದೆ, ನಿಜ. ಅದಕ್ಕೆ ಹೆಡ್ ಬಿಚ್ಚದೆ ಮಾಡುವ ಪರೀಕ್ಷೆ ಇದೆ. ಗಾಜಿನ ಕೊಳವೆಯಲ್ಲಿ ನೀಲಿ ದ್ರವ ಹಾಕಿ ರೇಡಿಯೇಟರ್ ಬಾಯಿಗೆ ಇಟ್ಟು, ಇಂಜಿನ್ ಓಡಿಸಿ, ಮೇಲಿನ ಗಾಳಿಯನ್ನು ಆ ದ್ರವದ ಮೂಲಕ ಎಳೆಯುತ್ತಾರೆ. ಸಿಲಿಂಡರ್ ಹೊಗೆಯ ಇಂಗಾಲದ ಡೈಆಕ್ಸೈಡ್ ತಾಗಿದರೆ ನೀಲಿ ಹೋಗಿ ಹಳದಿ ಆಗುತ್ತದೆ. ಇಂಜಿನ್ ತಣ್ಣಗಿರುವಾಗಲೇ ಕ್ಯಾಪ್ ತೆಗೆದು ಶುರು ಮಾಡಬೇಕು. ಕೂಲಂಟ್ ಸ್ವಲ್ಪ ಹೊರಗೆ ತೆಗೆದು ಮಟ್ಟ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಕೊಳವೆಯೊಳಗೆ ಕೂಲಂಟ್ ನುಗ್ಗಿ ಪರೀಕ್ಷೆ ಕೆಡುತ್ತದೆ. ಯಾವ ಗ್ಯಾರೇಜಿನಲ್ಲಾದರೂ ಈ ಕಿಟ್ ಇದ್ದರೆ ಅರ್ಧ ಗಂಟೆಯ ಕೆಲಸ.

ಪ್ರಶ್ನೆ ಕೇಳಿದವನು

ಉತ್ತರ 2ರವರೇ, ಏನು ಹೇಳಲಿ! ಹೋಸ್ ಚಪ್ಪಟೆ ಆಗಿತ್ತು.

ನಿನ್ನೆ ಸಂಜೆ 30 ಕಿ.ಮೀ. ಓಡಿಸಿ ನಿಲ್ಲಿಸಿದ್ದೆ. ಬೆಳಿಗ್ಗೆ ಆರು ಗಂಟೆಗೆ ಟಾರ್ಚ್ ಹಿಡಿದು ನೋಡಿದೆ. ಮೇಲಿನ ಹೋಸ್ ನಡುವೆ ಯಾರೋ ಹೆಬ್ಬೆರಳಿಂದ ಒತ್ತಿ ಹಿಡಿದ ಹಾಗೆ ಒಳಗೆ ಹೋಗಿತ್ತು. ಕ್ಯಾಪ್ ಸ್ವಲ್ಪ ತಿರುಗಿಸಿದೆ. ಸ್ ಅಂತ ಗಾಳಿ ಒಳಗೆ ಎಳೆದುಕೊಂಡಿತು. ನನ್ನ ಕಣ್ಣೆದುರೇ ಹೋಸ್ ಪುಟಕ್ ಅಂತ ಉಬ್ಬಿ ದುಂಡಗಾಯಿತು. ರೇಡಿಯೇಟರ್ ಬಾಯಿಯಲ್ಲಿ ಇಣುಕಿದರೆ ಕೂಲಂಟ್ ಕಾಣಲೇ ಇಲ್ಲ. ಬರೀ ಅಲ್ಯೂಮಿನಿಯಂ ಕೊಳವೆಗಳ ತುದಿ ಕಾಣುತ್ತಿದ್ದವು. ಅಳತೆ ಪಾತ್ರೆಯಲ್ಲಿ ಹಾಕಿದೆ, ಬಾಯಿಯವರೆಗೆ ಬರಲು 700 ಮಿ.ಲೀ. ಬೇಕಾಯಿತು. ಪಕ್ಕದ ಡಬ್ಬಿಯಲ್ಲಿ ಮಾತ್ರ ಮೇಲಿನವರೆಗೂ ಕೂಲಂಟ್. ಇಷ್ಟು ದಿನ ಅದನ್ನೇ ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆಯಿಲ್ ಮುಚ್ಚಳ ಚೊಕ್ಕಟವಾಗಿದೆ. ಹೊಗೆ ಇಲ್ಲ. ನೀಲಿ ದ್ರವದ ಪರೀಕ್ಷೆ ನಾಳೆ ಬೇರೆ ಕಡೆ ಮಾಡಿಸುತ್ತೇನೆ.

ಇನ್ನೊಂದು. ತೆಗೆದ ಹಳೆಯ ಥರ್ಮೋಸ್ಟಾಟ್ ನನ್ನ ಹತ್ತಿರವೇ ಇತ್ತು. ಅದರ ಬಾಯಿಗೆ ಒಂದು ದಾರ ಸಿಕ್ಕಿಸಿ ನೀರಿನ ಪಾತ್ರೆಯಲ್ಲಿ ನೇತುಹಾಕಿ, ಥರ್ಮಾಮೀಟರ್ ಇಟ್ಟು ಕಾಯಿಸಿದೆ. ಮೇಲೆ 82 ಅಂತ ಬರೆದಿದೆ. 83 ಆಗುತ್ತಿದ್ದಂತೆ ಬಾಯಿ ಬಿಚ್ಚಿ ದಾರದಿಂದ ಜಾರಿ ತಳಕ್ಕೆ ಟಣ್ ಅಂತ ಬಿತ್ತು. ಅಂದರೆ ಅದು ಸರಿಯಾಗೇ ಇತ್ತು! ಸುಮ್ನೆ ಬದಲಾಯಿಸಿದ ಹಾಗಾಯಿತು.

ಉತ್ತರ 2

ಒಳ್ಳೆಯದಾಯಿತು. ದಾರದ ಪರೀಕ್ಷೆ ಚೆನ್ನಾಗಿ ಮಾಡಿದ್ದೀರಿ. ಥರ್ಮೋಸ್ಟಾಟ್ ಒಳಗೆ ಮೇಣ ಇರುತ್ತದೆ. ಬಿಸಿಗೆ ಮೇಣ ಕರಗಿ ಉಬ್ಬಿ ಬಾಗಿಲು ತಳ್ಳುತ್ತದೆ. 82 ಅಂದರೆ ತೆರೆಯಲು ಶುರು ಮಾಡುವ ಬಿಸಿ, ಪೂರ್ತಿ ತೆರೆಯಲು ಇನ್ನೊಂದು ಹತ್ತು ಹನ್ನೆರಡು ಡಿಗ್ರಿ ಬೇಕು.

ಈಗ ಹೋಸ್ ವಿಷಯಕ್ಕೆ ಬರೋಣ. ಕೂಲಂಟ್ ಬಿಸಿಯಾದರೆ ಉಬ್ಬುತ್ತದೆ. ಒತ್ತಡ 1.1 ಬಾರ್ ದಾಟಿದರೆ ಕ್ಯಾಪಿನ ಸ್ಪ್ರಿಂಗ್ ಎದ್ದು, ಜಾಸ್ತಿ ಆದದ್ದನ್ನು ಸಣ್ಣ ಕೊಳವೆಯ ಮೂಲಕ ಡಬ್ಬಿಗೆ ಬಿಡುತ್ತದೆ. ರಾತ್ರಿ ತಣ್ಣಗಾದಾಗ ಕೂಲಂಟ್ ಕುಗ್ಗುತ್ತದೆ, ಒಳಗೆ ಎಳೆತ ಹುಟ್ಟುತ್ತದೆ. ಆಗ ಕ್ಯಾಪಿನ ನಡುವಿನ ಪುಟ್ಟ ಬಿಲ್ಲೆ ಕೆಳಗಿಳಿದು ಡಬ್ಬಿಯ ಕೂಲಂಟನ್ನು ವಾಪಸ್ ಒಳಗೆ ಬಿಡಬೇಕು. ನಿಮ್ಮ ಕಾರಿನಲ್ಲಿ ಹೋಗುವುದು ನಡೆಯುತ್ತಿದೆ, ಬರುವುದು ನಡೆಯುತ್ತಿಲ್ಲ. ಎಳೆತಕ್ಕೆ ದಾರಿ ಸಿಗದೆ ಹೋಸ್ ಒಳಕ್ಕೆ ಕುಸಿಯುತ್ತದೆ. ಕೊನೆಗೆ ಎಲ್ಲೋ ಕ್ಲಿಪ್ಪಿನ ಸಂದಿನಿಂದ ಗಾಳಿ ನುಸುಳುತ್ತದೆ. ಒತ್ತಡಕ್ಕೆ ಸೋರದ ಸಂದು ಎಳೆತಕ್ಕೆ ಗಾಳಿ ಬಿಡುವುದು ಉಂಟು. ದಿನಾ ಸ್ವಲ್ಪ ಸ್ವಲ್ಪ ಹೀಗಾದರೆ ನಾಲ್ಕು ದಿನಕ್ಕೆ 700 ಮಿ.ಲೀ. ಆಗುತ್ತದೆ. ಸಮತಟ್ಟು ರಸ್ತೆಯಲ್ಲಿ ಉಳಿದ ಕೂಲಂಟ್ ಹೇಗೋ ನಿಭಾಯಿಸುತ್ತದೆ, ಏರಿನಲ್ಲಿ ಸಾಲುವುದಿಲ್ಲ.

ಇದೇ ಕಾಯಿಲೆಗೆ ಸಾಮಾನ್ಯವಾಗಿ ಕಾರಣ ಕ್ಯಾಪ್. ಆದರೆ ನಿಮ್ಮದು ಹೊಸ ಕ್ಯಾಪ್. ಆ ಬಿಲ್ಲೆಯನ್ನು ಉಗುರಿನಿಂದ ಎಳೆದು ನೋಡಿ, ಸುಲಭವಾಗಿ ಬಂದು, ಬಿಟ್ಟ ಕೂಡಲೇ ವಾಪಸ್ ಹೋಗಬೇಕು. ಅದು ಸರಿ ಇದ್ದರೆ ಉಳಿದಿರುವುದು ಆ ಸಣ್ಣ ಕೊಳವೆ. ಅದರ ಮೇಲೆ ಬೆರಳಾಡಿಸುತ್ತಾ ರೇಡಿಯೇಟರ್ ಬಾಯಿಂದ ಡಬ್ಬಿವರೆಗೆ ಹೋಗಿ. ಮಡಿಕೆ, ಬಿರುಕು, ಮೆತ್ತಗಾದ ಜಾಗ, ಯಾವುದನ್ನೂ ಬಿಡಬೇಡಿ. ಡಬ್ಬಿಯೊಳಗೆ ಕೊಳವೆಯ ತುದಿ ತಳದವರೆಗೆ ಮುಳುಗಿದೆಯಾ ನೋಡಿ. ಮೇಲೆ ಇದ್ದರೆ ಕೂಲಂಟ್ ಬದಲು ಗಾಳಿ ಎಳೆಯುತ್ತದೆ.

ಮುಳ್ಳಿನ ಬಗ್ಗೆ ಒಂದು ಮಾತು. ಹಲವು ಕಾರುಗಳಲ್ಲಿ ಮುಳ್ಳನ್ನು ಬೇಕಂತಲೇ ನಡುವೆ ಕೂರಿಸಿರುತ್ತಾರೆ. ಸುಮಾರು 80ರಿಂದ 110ರವರೆಗೆ ಅದು ಕದಲುವುದಿಲ್ಲ. ಅದು ಕದಲಿದಾಗ ತಡವಾಗಿರುತ್ತದೆ. ಕೂಲಂಟ್ ತೀರಾ ಕಡಿಮೆಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತರೆ ಮುಳ್ಳು ಇಳಿದೇ ಹೋಗಬಹುದು. ಆಗ ಇಂಜಿನ್ ತಣ್ಣಗಾಯಿತು ಅಂದುಕೊಂಡು ಓಡಿಸಿದವರಿದ್ದಾರೆ. ನೀವು ಸ್ಕ್ಯಾನರ್ ಹಾಕಿದ್ದು ತುಂಬಾ ಒಳ್ಳೆಯ ಕೆಲಸ.

ಉತ್ತರ 3

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಇದರ ತಿರುಗಾಮುರುಗಾ. ಹೈವೇಯಲ್ಲಿ ಎಷ್ಟು ಓಡಿಸಿದರೂ 90 ಡಿಗ್ರಿ. ಟ್ರಾಫಿಕ್‌ನಲ್ಲಿ ಎಸಿ ಹಾಕಿ ನಿಂತರೆ 108. ಫ್ಯಾನ್ ತಿರುಗುತ್ತಿದೆ, ನೋಡಿದ್ದೇನೆ. ಏನಿರಬಹುದು?

ಉತ್ತರ 2

ತಿರುಗುತ್ತಿದ್ದರೆ ಸಾಲದು, ಗಾಳಿ ಎಳೆಯುತ್ತಿದೆಯಾ ನೋಡಿ. ಗ್ರಿಲ್ ಮುಂದೆ ಒಂದು ಕಾಗದ ಹಿಡಿಯಿರಿ, ಅಂಟಿಕೊಳ್ಳಬೇಕು. ಹೋದ ತಿಂಗಳು ಬಂದ ಒಂದು ಕಾರಿನಲ್ಲಿ ಫ್ಯಾನ್ ಮೋಟರಿನ ವೈರ್ ಅದಲುಬದಲಾಗಿ ಜೋಡಿಸಿದ್ದರು. ಫ್ಯಾನ್ ಉಲ್ಟಾ ತಿರುಗುತ್ತಿತ್ತು. ಎರಡು ವೇಗದ ಫ್ಯಾನ್ ಆದರೆ ಜೋರಿನ ವೇಗ ಬರುತ್ತಿದೆಯಾ ಅಂತಲೂ ನೋಡಬೇಕು.

ಗಾಳಿ ಸರಿ ಇದ್ದರೆ ಎಸಿ ಕಂಡೆನ್ಸರ್ (ರೇಡಿಯೇಟರ್ ಮುಂದಿರುವ ಎಸಿಯ ಜಾಲರಿ) ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಡಿ. ಮುಂದಿನಿಂದ ನೋಡಿದರೆ ಎರಡೂ ಚೊಕ್ಕಟ ಕಾಣುತ್ತವೆ. ನಡುವೆ ಮಾತ್ರ ಧೂಳು, ಹತ್ತಿ, ಹುಳ ಎಲ್ಲಾ ಸೇರಿ ಕಂಬಳಿ ಹಾಸಿದ ಹಾಗೆ ಕೂತಿರುತ್ತದೆ. ಫ್ಯಾನ್ ಕಡೆಯಿಂದ ಮುಂದಕ್ಕೆ ಸಾದಾ ನೀರು ಬಿಟ್ಟು ತೊಳೆಯಿರಿ. ಜೋರು ಪ್ರೆಶರ್ ಬೇಡ, ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಪ್ರಶ್ನೆ ಕೇಳಿದವನು

ಸಿಕ್ಕಿತು!

ನೀಲಿ ದ್ರವದ ಪರೀಕ್ಷೆ ಮೊದಲು ಮಾಡಿಸಿದೆ. ಹದಿನೈದು ನಿಮಿಷ ಇಂಜಿನ್ ಓಡಿಸಿದರು, ನಡುವೆ ಎರಡು ಸಲ ಎಕ್ಸಲರೇಟರ್ ಒತ್ತಿದರು. ನೀಲಿ ನೀಲಿಯಾಗೇ ಉಳಿಯಿತು. ಸರಿಯಾಗಿದೆಯಾ ಅಂತ ತೋರಿಸಲು ಅದೇ ಕೊಳವೆಯನ್ನು ಸೈಲೆನ್ಸರ್ ಹತ್ತಿರ ಹಿಡಿದರು, ಕ್ಷಣದಲ್ಲಿ ಹಳದಿ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ (ಒಳಗೆ ಗಾಳಿ ಒತ್ತಿದಾಗ ಬರುವ ಒತ್ತಡ) ನೋಡಿದರು, ನಾಲ್ಕೂ 12 ಬಾರ್ ಆಸುಪಾಸು. ಹೆಡ್ ಬಿಚ್ಚುವ ಮಾತು ಅಲ್ಲಿಗೇ ಮುಗಿಯಿತು.

ಮನೆಗೆ ಬಂದು ಕ್ಯಾಪಿನ ಬಿಲ್ಲೆ ಎಳೆದು ನೋಡಿದೆ, ಸರಿ ಇದೆ. ಆಮೇಲೆ ಸಣ್ಣ ಕೊಳವೆ. ಇದು ಕಾರಿನ ಜೊತೆ ಬಂದದ್ದಲ್ಲ. ಐದಾರು ತಿಂಗಳ ಹಿಂದೆ ಬೇರೆ ಕೆಲಸಕ್ಕೆ ಕೊಟ್ಟಾಗ ಹಳೆಯದು ಮುರಿಯಿತು ಅಂತ ಇದನ್ನು ಹಾಕಿದ್ದರು. ತೆಳು ಗೋಡೆಯ ಮೆತ್ತನೆ ಪ್ಲಾಸ್ಟಿಕ್ ಕೊಳವೆ. ಬ್ಯಾಟರಿಯ ಪಕ್ಕದಲ್ಲಿ ಒಂದು ತಿರುವು ಇದೆ. ಅಲ್ಲಿ ಬಿಸಿಗೆ ಇನ್ನೂ ಮೆತ್ತಗಾಗಿ ರಿಬ್ಬನ್ ಥರ ಆಗಿತ್ತು. ಬಿಚ್ಚಿ ಒಂದು ತುದಿಯಿಂದ ಊದಿದೆ, ಗಾಳಿ ಆರಾಮಾಗಿ ಹೋಯಿತು. ಅದೇ ತುದಿಯಿಂದ ಹೀರಿದೆ (ತೊಳೆದು ಒಣಗಿಸಿದ ಮೇಲೆ, ಕೂಲಂಟ್ ವಿಷ). ಆ ತಿರುವಿನಲ್ಲಿ ಎರಡು ಗೋಡೆ ಒಂದಕ್ಕೊಂದು ಅಂಟಿಕೊಂಡು ಪೂರ್ತಿ ಬಂದ್! ಹತ್ತು ಸಲ ಮಾಡಿದೆ, ಹತ್ತು ಸಲವೂ ಅಷ್ಟೇ. ನೀವು ಹೇಳಿದ ಹಾಗೆ ಹೋಗುತ್ತಿತ್ತು, ಬರುತ್ತಿರಲಿಲ್ಲ.

ಒಳಗೆ ನೂಲು ಇರುವ ದಪ್ಪ ರಬ್ಬರ್ ಹೋಸ್ ತಂದು ಹಾಕಿದೆ, ಕೂಲಂಟಿಗೇ ಮಾಡಿದ್ದು. ಎರಡೂ ತುದಿಗೆ ಕ್ಲಿಪ್ ಹೊಸದು. ಮೇಲಿನ ದಪ್ಪ ಹೋಸಿನ ಕ್ಲಿಪ್ಪುಗಳನ್ನೂ ಬದಲಾಯಿಸಿದೆ. ಗಾಳಿ ಎಲ್ಲಿಂದ ನುಸುಳುತ್ತಿತ್ತು ಅಂತ ನೋಡಿದರೆ, ಇಂಜಿನ್ ಕಡೆಯ ಕ್ಲಿಪ್ ಹತ್ತಿರ ಒಣಗಿದ ಹಸಿರು ಪುಡಿ ಉಗುರಿನಷ್ಟು ಅಂಟಿತ್ತು.

ಇನ್ನು ಗಾಳಿ ತೆಗೆಯುವುದು ಉಳಿದಿದೆ. ಅದನ್ನು ಹೇಗೆ ಮಾಡಲಿ?

ಉತ್ತರ 2

ಕಾರಿನ ಮೂತಿ ಎತ್ತರದಲ್ಲಿ ಇರುವ ಹಾಗೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಇಂಜಿನ್ ತಣ್ಣಗಿರುವಾಗ ಕ್ಯಾಪ್ ತೆಗೆದು, ಬಾಯಿವರೆಗೆ ತುಂಬಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಸ್ಟಾರ್ಟ್ ಮಾಡಿ. ಹೋಸ್ ಇನ್ನೂ ಕೈಗೆ ಸುಡದಿರುವಾಗ ಮೇಲಿನ ಹೋಸನ್ನು ಬಟ್ಟೆ ಹಿಡಿದು ಒತ್ತಿ ಒತ್ತಿ ಬಿಡಿ, ಗುಳ್ಳೆ ಬರುತ್ತವೆ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಒಮ್ಮೆಲೇ ಇಳಿಯುತ್ತದೆ, ಆಗ ಮತ್ತೆ ತುಂಬಿ. ಹೀಟರಿನಿಂದ ಬಿಸಿ ಗಾಳಿ ಬಂದು, ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ. 90 ದಾಟಲು ಬಿಡಬೇಡಿ, ಬಾಯಿ ತೆರೆದಿರುವಾಗ ಉಕ್ಕುತ್ತದೆ. ಅಷ್ಟರೊಳಗೆ ಗುಳ್ಳೆ ನಿಲ್ಲದಿದ್ದರೆ ಆಫ್ ಮಾಡಿ, ತಣ್ಣಗಾದ ಮೇಲೆ ಇನ್ನೊಮ್ಮೆ ಮಾಡಿ. ಇಂಜಿನ್ ಮೇಲೆ ಗಾಳಿ ಬಿಡುವ ಸ್ಕ್ರೂ ಇದ್ದರೆ ಮೊದಲು ಅದನ್ನು ಸಡಿಲಿಸಿ, ಕೂಲಂಟ್ ಬರುವವರೆಗೆ ಬಿಡಿ.

ತುಂಬುವುದು ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ನೀರು. ನಲ್ಲಿ ನೀರು ಬೇಡ, ಒಳಗೆ ಸುಣ್ಣ ಕಟ್ಟುತ್ತದೆ. ಬಣ್ಣ ನೋಡಿ ಕೂಲಂಟ್ ತರಬೇಡಿ. ಒಂದೇ ಹಸಿರಿನಲ್ಲಿ ಬೇರೆ ಬೇರೆ ಜಾತಿ ಇರುತ್ತವೆ, ಕಾರಿನ ಪುಸ್ತಕದಲ್ಲಿ ಹೇಳಿದ ಜಾತಿಯೇ ಆಗಬೇಕು.

ಪ್ರಶ್ನೆ ಕೇಳಿದವನು

ಹನ್ನೆರಡು ದಿನ ಆಯಿತು. ಅದೇ ಏರು, ನಾಲ್ಕು ಜನ, ಎಸಿ ಆನ್, ಮೂರು ಸಲ ಹತ್ತಿದೆ. ಸ್ಕ್ಯಾನರಿನಲ್ಲಿ ಜಾಸ್ತಿ ಅಂದರೆ 101. ಫ್ಯಾನ್ ಬಂದ ಮೇಲೆ 95ಕ್ಕೆ ಇಳಿಯುತ್ತದೆ. ಹೀಟರ್ ಹಾಕಿದರೆ ಕೈ ಇಡಲಾಗದಷ್ಟು ಬಿಸಿ ಗಾಳಿ.

ಡಬ್ಬಿಯ ಮೇಲೆ ಬಿಳಿ ಟೇಪ್ ಅಂಟಿಸಿ ಪೆನ್ನಿನಿಂದ ಗೆರೆ ಹಾಕುತ್ತಿದ್ದೇನೆ. ಸಂಜೆ ಓಡಿಸಿ ಬಂದಾಗ ಒಂದು ಗೆರೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಒಂದು. ಎರಡರ ನಡುವೆ ಒಂದೂವರೆ ಬೆರಳು ಅಂತರ. ಹನ್ನೆರಡು ದಿನದ ಸಂಜೆ ಗೆರೆಗಳು ಒಂದರ ಮೇಲೊಂದು ಬಿದ್ದು ಒಂದೇ ದಪ್ಪ ಗೆರೆ ಆಗಿವೆ, ಬೆಳಗಿನವೂ ಹಾಗೇ. ಇವತ್ತು ಬೆಳಿಗ್ಗೆ ಟಾರ್ಚ್ ಹಿಡಿದು ಮೇಲಿನ ಹೋಸ್ ನೋಡಿದೆ. ದುಂಡಗಿತ್ತು.